ನಡುಗುವ ದನಿಯಲ್ಲೆ ಮಾತಾಡೋಣ

(ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರದಲ್ಲಿ ಯುವಕವಿಯೊಬ್ಬರು ಆಡಿದ ಮಾತು. ಬರೆದುಕೊಂಡು ಬಂದದ್ದನ್ನೂ ಆಡುವಾಗ ಸೇರಿಕೊಂಡದ್ದನ್ನೂ ಕೂಡಿಸಿ ಅವರೇ ತಿದ್ದಿ ಕೊಟ್ಟಿದ್ದಾರೆ.)



ಕವಿತೆ ಬಗ್ಗೆ ಮಾತಾಡಪ್ಪ ಅಂತ ನನ್ನನ್ನ ಕರೆದಿದ್ದರು. ನಿನ್ನೆ ರಾತ್ರಿ ಊಟ ಆದಮೇಲೆ ನಿಮ್ಮ ಜೊತೆ ಕೂತಿದ್ದೆ. ಇವತ್ತಿನ ಚರ್ಚೆಗೆ ಹೆಸರು ಕೊಡಿ ಅಂದಾಗ ಇಷ್ಟು ಜನರಲ್ಲಿ ಹೆಸರು ಕೊಟ್ಟವರು ನಾಲ್ಕೇ ಜನ. ಮಾತಿಗೆ ಬರ ಇತ್ತಾ? ಇಲ್ಲ. ರಾತ್ರಿ ಹನ್ನೊಂದರ ತನಕ ಹಾಸ್ಟೆಲ್ ಊಟದ ಬಗ್ಗೆ, ಸ್ಕಾಲರ್‌ಶಿಪ್ಪಿನ ಬಗ್ಗೆ, ಊರಿನ ಗೌಡರ ಬಗ್ಗೆ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿದಿರಿ. ಒಬ್ಬ ತಂಗಿ ಮಾತ್ರ ನಿಜ ಹೇಳಿದಳು. "ಅಣ್ಣ, ವಿಷಯ ಗೊತ್ತು ನನಗೆ. ಎದ್ದು ನಿಂತ್ರೆ ಕೈ ನಡುಗ್ತದೆ. ನಡುಗೋದು ಎಲ್ರಿಗೂ ಕಂಡುಬಿಡ್ತದಲ್ಲ, ಅದೇ ನನಗೆ ಭಯ" ಅಂದಳು.

ಆ ತಂಗಿಯ ಮಾತಿನಿಂದ ನನಗೆ ನಿದ್ದೆ ಬರಲಿಲ್ಲ. ಅದಕ್ಕೆ ಕವಿತೆಯನ್ನ ಪಕ್ಕಕ್ಕಿಟ್ಟು ಇವತ್ತು ಈ ನಡುಕದ ಬಗ್ಗೆಯೆ ಮಾತಾಡ್ತೀನಿ. ನನ್ನ ಕೈ ನೋಡಿ, ಈಗಲೂ ಸಣ್ಣಗೆ ನಡುಗ್ತಾ ಇದೆ. ಹಿಂದಿನ ಸಾಲಿನವರಿಗೆ ಕಾಣ್ತಾ ಇದೆಯಾ? ಇಲ್ಲ ಅಂತ ತಲೆ ಆಡಿಸ್ತಿದೀರಿ. ಇದನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಇಲ್ಲಿಗೇ ಬರ್ತೀನಿ.

ಮೊದಲು ನನ್ನ ಕತೆ. ಬಿ.ಎ. ಎರಡನೆ ವರ್ಷದಲ್ಲಿ ನಮ್ಮ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇಟ್ಟಿದ್ದರು. ವಿಷಯ, ಮೀಸಲಾತಿ ಬೇಕೆ ಬೇಡವೆ ಅಂತ. ನಾವು ಬದುಕಿರಬೇಕೆ ಬೇಡವೆ ಅಂತ ಚರ್ಚೆ ಇಟ್ಟು ಮೊದಲ ಬಹುಮಾನಕ್ಕೆ ಸ್ಟೀಲ್ ಲೋಟ ಕೊಡ್ತಾರಲ್ಲ, ಆ ಥರದ್ದು. ನಾನು ಹದಿನೈದು ದಿವಸ ಲೈಬ್ರರಿಯಲ್ಲಿ ಕೂತು ಓದಿ, ಆರು ಹಾಳೆ ಬರೆದುಕೊಂಡು ಹೋದೆ. ಮೈಕಿನ ಮುಂದೆ ನಿಂತೆ. ಹಾಳೆ ಅದುರಿ ಅದರ ಪರಪರ ಸದ್ದು ಮೈಕಿನಲ್ಲಿ ಹಾಲಿಗೆಲ್ಲ ಕೇಳಿಸಿತು. ಗಂಟಲು ಒಣಗಿತ್ತು. "ಮೀಸಲಾತಿ ಭಿಕ್ಷೆಯಲ್ಲ, ಅದು ನಮ್ಮ ಹಕ್ಕು" ಅಂತ ಬರೆದುಕೊಂಡಿದ್ದೆ. ಬಾಯಿಂದ ಬಂದದ್ದು "ಅದು ನಮ್ಮ ಅಕ್ಕು."

ನಮ್ಮ ಕಡೆಯವರಿಗೆ ಇದು ಗೊತ್ತು. ಮನೆಯಲ್ಲಿ ನಾವು ಹಾಲಿಗೆ ಆಲು ಅಂತೀವಿ, ಹೋಗು ಅನ್ನೋದಕ್ಕೆ ಓಗು ಅಂತೀವಿ. ಅವ್ವ ಕಲಿಸಿದ ನುಡಿ ಅದು. ಆದರೆ ಹಾಲು ಹಾಲೆಲ್ಲ ನಕ್ಕಿತು. ಹಿಂದಿನ ಬೆಂಚಿನಿಂದ ಒಬ್ಬ "ಯಾರ ಅಕ್ಕನೋ?" ಅಂತ ಕೂಗಿದ. ಎರಡನೆ ಹಾಳೆಗೂ ಹೋಗಲಿಲ್ಲ ನಾನು. ಇಳಿದು ಬಂದು ಕೂತೆ. ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರೊಬ್ಬರು ಪಕ್ಕದವರಿಗೆ, "ಬರೆದುಕೊಟ್ಟವರು ಬೇರೆ ಯಾರೋ ಇರಬೇಕು" ಅಂದರು. ಆ ಮಾತು ನನಗೆ ಕೇಳಿಸಿತು.

ಹುಡುಗರ ನಗೆಯನ್ನ ಒಂದು ವಾರಕ್ಕೆ ಮರೆತೆ. ಮೇಷ್ಟ್ರ ಮಾತು ಒಂದು ವರ್ಷ ಬಾಯಿ ಕಟ್ಟಿತು. ನನ್ನ ಕೈ ನಡುಗಿದ್ದನ್ನ ನೋಡಿ ಅವರು ನನ್ನ ತಲೆಯಲ್ಲಿ ಏನೂ ಇಲ್ಲ ಅಂತ ತೀರ್ಮಾನ ಮಾಡಿದ್ದರು. ಅದಾದ ಮೇಲೆ ಕವಿಗೋಷ್ಠಿಗೆ ಕರೆದರೆ ಜ್ವರ ಅಂತ ಸುಳ್ಳು ಹೇಳಿದೆ. ಒಂದು ಸಲ ಪದ್ಯವನ್ನ ಗೆಳೆಯನ ಕೈಗೆ ಕೊಟ್ಟು ಅವನ ಬಾಯಲ್ಲಿ ಓದಿಸಿ, ನಾನು ಬಾಗಿಲ ಆಚೆ ನಿಂತು ಕೇಳಿದೆ.

ಗೆಳೆಯರೆ, ಇಲ್ಲಿ ಎರಡು ಭಯ ಇವೆ. ಒಂದು ಮಾತಾಡುವ ಭಯ. ಇನ್ನೊಂದು, ನಾನು ಹೆದರಿದ್ದೀನಿ ಅಂತ ಬೇರೆಯವರಿಗೆ ಗೊತ್ತಾಗುವ ಭಯ. ನಮ್ಮನ್ನ ಕೂರಿಸಿಬಿಡೋದು ಈ ಎರಡನೆಯದು. ಮೊದಲನೆಯದು ಎಲ್ಲ ಜಾತಿಯವರಿಗೂ, ಎಲ್ಲ ದೇಶದವರಿಗೂ ಇದೆ. ಗಾಂಧಿ ಲಂಡನ್ನಿನ ಸಸ್ಯಾಹಾರಿಗಳ ಸಂಘದಲ್ಲಿ ತಾನು ಬರೆದುಕೊಂಡು ಹೋದದ್ದನ್ನ ಓದಲಾರದೆ ಬೇರೆಯವರ ಬಾಯಲ್ಲಿ ಓದಿಸಿದರು. ಬ್ಯಾರಿಸ್ಟರ್ ಆಗಿ ಬಂದಮೇಲೆ ಮುಂಬಯಿಯ ಸಣ್ಣ ದಾವೆಗಳ ಕೋರ್ಟಿನಲ್ಲಿ ಎದ್ದು ನಿಂತು ತಲೆ ತಿರುಗಿದಂತಾಗಿ, ಒಂದು ಪ್ರಶ್ನೆಯನ್ನೂ ಕೇಳಲಾರದೆ ಕೂತರು. ತಮ್ಮ ಆತ್ಮಕತೆಯಲ್ಲಿ ಅವರೇ ಇದನ್ನ ಹೇಳಿಕೊಂಡಿದಾರೆ. ಓದಿದವರು ಏನಂದರು? ಪಾಪ, ನಾಚಿಕೆ ಸ್ವಭಾವ ಅಂದರು. ಅವರ ಜಾತಿಗೆ ಬುದ್ಧಿ ಇಲ್ಲ ಅಂತ ಯಾರೂ ಅನ್ನಲಿಲ್ಲ. ನಾವು ನಡುಗಿದರೆ ಮಾತ್ರ ನಮ್ಮ ಅಪ್ಪ, ತಾತ, ಇಡೀ ಕೇರಿಯೆ ನಡುಗಿದ ಹಾಗೆ ಲೆಕ್ಕ. ಒಬ್ಬ ಹುಡುಗ ಒಂದು ಕೇರಿಯನ್ನ ಹೆಗಲ ಮೇಲೆ ಹೊತ್ತು ಮೈಕಿನ ಮುಂದೆ ನಿಂತರೆ ಕಾಲು ನಡುಗದೆ ಇನ್ನೇನಾದೀತು?

ಇದು ಬರೀ ನನ್ನ ಅಳಲಲ್ಲ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್, ಪ್ರಿಯಾಂಕ ಪಾಂಡೆ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಆರು ಏಳನೆ ತರಗತಿಯ ಹುಡುಗರಿಗೆ ಒಂದು ಪರೀಕ್ಷೆ ಇಟ್ಟರು. 2004ರಲ್ಲಿ ಅದರ ವರದಿ ಬಂತು. ಕಾಗದದ ಮೇಲೆ ಸುತ್ತುಬಳಸಿನ ದಾರಿಗಳ ಚಿತ್ರ, ಅದರಲ್ಲಿ ಹೊರಗೆ ಬರುವ ದಾರಿ ಹುಡುಕಬೇಕು. ಜಾತಿಯ ಮಾತೆತ್ತದೆ ಕೂರಿಸಿದಾಗ ದಲಿತ ಹುಡುಗರು ಮೇಲ್ಜಾತಿ ಹುಡುಗರಷ್ಟೇ ಚೆನ್ನಾಗಿ ಬಿಡಿಸಿದರು. ಎಲ್ಲರ ಎದುರಿಗೆ ಒಬ್ಬೊಬ್ಬರ ಹೆಸರು, ಅಪ್ಪನ ಹೆಸರು, ಜಾತಿ ಓದಿ ಹೇಳಿ ಆಮೇಲೆ ಪರೀಕ್ಷೆ ಕೊಟ್ಟಾಗ ದಲಿತ ಹುಡುಗರು ಬಿಡಿಸಿದ ಲೆಕ್ಕ ಕೆಳಗಿಳಿಯಿತು. ಹುಡುಗರು ಒಂದೇ ಥರದವರು, ಚಿತ್ರಗಳೂ ಒಂದೇ ಥರದವು. ನಡುವೆ ಬಂದದ್ದು ಜಾತಿಯ ಹೆಸರು ಹಿಡಿದು ಕರೆದ ಆ ಒಂದು ಕ್ಷಣ. ನಾವು ಮೈಕಿನ ಮುಂದೆ ನಿಂತಾಗ ಯಾರೂ ಜಾತಿ ಓದದಿದ್ದರೂ ನಮ್ಮ ಕಿವಿಯೊಳಗೆ ಯಾರೋ ಓದುತ್ತಾ ಇರ್ತಾರೆ.

ಬಾಬಾಸಾಹೇಬರು ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಓದುವಾಗ ಮೇಷ್ಟ್ರು ಒಂದು ದಿನ ಅವರನ್ನ ಬೋರ್ಡಿನ ಹತ್ತಿರ ಕರೆದರಂತೆ. ಬೋರ್ಡಿನ ಹಿಂದೆ ಮಿಕ್ಕ ಹುಡುಗರ ಊಟದ ಡಬ್ಬಿಗಳಿದ್ದವು. ಇವರು ಎದ್ದು ಹೊರಟ ಕೂಡಲೆ ಹುಡುಗರು ಕೂಗಾಡಿ, ಓಡಿ ಹೋಗಿ ಡಬ್ಬಿ ಎತ್ತಿಕೊಂಡರಂತೆ, ಮೈಲಿಗೆ ಆಗ್ತದೆ ಅಂತ. ಹತ್ತಾರು ಜನರ ಎದುರಿಗೆ ಎದ್ದು ಹೋಗುವುದು ಅಂದರೆ ಏನು ಎಂಬುದನ್ನು ಆ ಬಾಲಕ ಹಾಗೆ ಕಲಿತ. ಅದೇ ಹುಡುಗ 1920ರ ಜನವರಿ 31ರಂದು ಒಂದು ಪತ್ರಿಕೆ ತೆಗೆದ. ಅದಕ್ಕೆ ಇಟ್ಟ ಹೆಸರು 'ಮೂಕನಾಯಕ.' ಮೂಕರ ನಾಯಕ! ನಮ್ಮ ಜನಕ್ಕೆ ನಾಲಗೆ ಇರಲಿಲ್ಲ ಅಂತಲ್ಲ, ಆಡಿದ ನಾಲಗೆಗೆ ಬರೆ ಬೀಳುತ್ತಿತ್ತು.

ಹಾಗಾದರೆ ಈ ನಡುಕ ಅಂದರೆ ಏನು? ವೈದ್ಯಶಾಸ್ತ್ರ ಹೇಳೋದು ಬಹಳ ಸರಳವಾಗಿದೆ. ಅಪಾಯ ಬಂತು ಅಂತ ಮಿದುಳಿಗೆ ಅನಿಸಿದರೆ ಮೂತ್ರಪಿಂಡದ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನ ರಕ್ತಕ್ಕೆ ಬಿಡ್ತವೆ. ಗುಂಡಿಗೆ ಜೋರಾಗಿ ಬಡಿದುಕೊಳ್ತದೆ. ರಕ್ತ ತೊಡೆ ತೋಳಿನ ದೊಡ್ಡ ಸ್ನಾಯುಗಳಿಗೆ ಹರಿದು ಬೆರಳು ತಣ್ಣಗಾಗ್ತವೆ. ಜೊಲ್ಲು ಕಡಿಮೆಯಾಗಿ ಬಾಯಿ ಒಣಗ್ತದೆ. ಜೀರ್ಣದ ಕೆಲಸ ನಿಂತು ಹೊಟ್ಟೆ ತೊಳಸಿದಂಗಾಗ್ತದೆ. ಹೊಡೆದಾಡು, ಇಲ್ಲ ಓಡು ಅಂತ ದೇಹ ಸಜ್ಜಾಗೋದು ಇದು. ಹೊಲದಲ್ಲಿ ಹಾವು ಕಂಡಾಗ ಹಾರಿ ಹಿಂದಕ್ಕೆ ಬರ್ತೀವಲ್ಲ, ಅದೇ ಶಕ್ತಿ. ಮೈಕಿನ ಮುಂದೆ ಓಡೋ ಹಾಗಿಲ್ಲ, ಹೊಡೆಯೋ ಹಾಗಿಲ್ಲ. ಆ ಶಕ್ತಿಗೆ ಕೆಲಸ ಸಿಗದೆ ಅದು ಕೈಯಲ್ಲಿ, ಮೊಣಕಾಲಲ್ಲಿ ನಡುಗ್ತದೆ. ಹೇಡಿತನಕ್ಕೂ ಇದಕ್ಕೂ ಸಂಬಂಧ ಇಲ್ಲ. ದಡ್ಡತನಕ್ಕಂತೂ ಇಲ್ಲವೇ ಇಲ್ಲ.

ನಮ್ಮಪ್ಪ ತಮಟೆ ಬಡಿಯುವವರು. ಬಡಿಯೋಕೆ ಮುಂಚೆ ಗರಿ ಹತ್ತಿಸಿ, ಬೆಂಕಿಯ ಮುಂದೆ ತಮಟೆಯನ್ನ ಹಿಡಿದು ಕಾಯಿಸ್ತಾರೆ. ಚರ್ಮ ಬಿಗಿಯಾಗಿ, ಬೆರಳು ತಾಗಿದರೆ ಸಾಕು ಅದುರಬೇಕು. ನನ್ನ ಚರ್ಚಾಸ್ಪರ್ಧೆಯ ಕತೆ ಹೇಳಿದಾಗ ಅವರು ಅಂದದ್ದು ಇಷ್ಟೆ: "ಅದುರದಿದ್ರೆ ಸದ್ದು ಎಲ್ಲಿಂದ ಬಂದದು ಮಗ?" ಊರಿನ ಎಲ್ಲ ಸಾವಿನಲ್ಲೂ ನಮ್ಮಪ್ಪನ ತಮಟೆ ಕೇಳಿಸಿದೆ. ನಮ್ಮಪ್ಪನ ಬಾಯಿ ಮಾತ್ರ ಊರೊಳಗೆ ಯಾರಿಗೂ ಕೇಳಿಸಿಲ್ಲ.

ಈಗ ಹಿಂದಿನ ಸಾಲಿಗೆ ನನ್ನ ಕೈ ಕಾಣಿಸದ ವಿಷಯಕ್ಕೆ ಬರ್ತೀನಿ. ಅಮೆರಿಕದ ಕೆನೆತ್ ಸವಿಟ್ಸ್ಕಿ, ಥಾಮಸ್ ಗಿಲೊವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ಹುಡುಗ ಹುಡುಗಿಯರಿಗೆ ಭಾಷಣ ಮಾಡೋಕೆ ಹೇಳಿ, ನೀನು ಎಷ್ಟು ಹೆದರಿದವನ ಹಾಗೆ ಕಂಡಿರಬಹುದು ಅಂತ ಮಾತಾಡಿದವರನ್ನ ಕೇಳಿದರು. ಕೇಳಿಸಿಕೊಂಡವರನ್ನೂ ಅದನ್ನೇ ಕೇಳಿದರು. ಮಾತಾಡಿದವರು ತಮ್ಮ ಭಯ ಬಹಳ ಕಾಣಿಸಿತು ಅಂತ ತಿಳಿದಿದ್ದರು. ಕೇಳಿದವರಿಗೆ ಅಷ್ಟು ಕಂಡೇ ಇರಲಿಲ್ಲ. ನಮ್ಮ ಗುಂಡಿಗೆಯ ಬಡಿತ ನಮಗೆ ಕೇಳಿಸ್ತದಲ್ಲ, ಅದು ಊರಿಗೆಲ್ಲ ಕೇಳಿಸ್ತಿದೆ ಅಂದುಕೊಳ್ತೀವಿ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಭಾಷಣಕ್ಕೆ ಮುಂಚೆ ಕೆಲವರಿಗೆ ಮಾತ್ರ ಈ ವಿಷಯವನ್ನ ತಿಳಿಸಿದ್ದರು: ನಿನ್ನ ನಡುಕ ನೀನು ತಿಳಿದಷ್ಟು ಹೊರಗೆ ಕಾಣಲ್ಲ ಅಂತ. ಅವರು ಮಿಕ್ಕವರಿಗಿಂತ ಚೆನ್ನಾಗಿ ಮಾತಾಡಿದರು. ಅದಕ್ಕೇ ನಿಮಗೆ ಇದನ್ನ ಹೇಳ್ತಾ ಇದೀನಿ. ಈಗ ನಿಮಗೂ ಗೊತ್ತಾಯಿತು.

ಆದರೆ ಗೆಳೆಯರೆ, ಇಷ್ಟಕ್ಕೇ ನಿಲ್ಲಿಸಿದರೆ ಸಾಲದು. ನಡುಕ ಕಂಡರೇನು ಎಂಬ ಪ್ರಶ್ನೆಯನ್ನ ನಾವು ಕೇಳಿಕೊಳ್ಳಬೇಕಾಗಿದೆ. ನಮ್ಮವ್ವನ ಕತೆ ಕೇಳಿ. ಅವ್ವ ಹೆಬ್ಬೆಟ್ಟು. ನಮ್ಮೂರಿನ ಗ್ರಾಮಸಭೆಯಲ್ಲಿ ಕೇರಿಯವರು ಯಾವತ್ತೂ ಹಿಂದೆ ನಿಂತು, ರುಜು ಹಾಕು ಅಂದಲ್ಲಿ ಹಾಕಿ ಬರ್ತಿದ್ದರು. ಒಂದು ಸಲ ಅವ್ವ ಸೆರಗನ್ನ ಎರಡೂ ಕೈಲಿ ಹಿಡಿದುಕೊಂಡು ಎದ್ದಳು. "ಸ್ವಾಮಿ, ನೀರಿನ ಪೈಪು ಮಾರಿಗುಡಿ ಗಂಟ ಬಂದು ನಿಂತದೆ. ನಮ್ಮ ಕೇರಿಗೆ ಯಾಕ್ ಬರಾಕಿಲ್ಲ?" ಅಷ್ಟೇ ಮಾತು. ಅಷ್ಟರೊಳಗೆ ದನಿ ಎರಡು ಸಲ ಒಡೆಯಿತು, ಕಣ್ಣಲ್ಲಿ ನೀರು ಬಂತು. ಜಗಲಿ ಮೇಲೆ ಕೂತಿದ್ದವರು ನಕ್ಕರು. ಯಾರೋ "ಕೂತ್ಕಳಮ್ಮ" ಅಂದರು. ನಮ್ಮ ಸಂಘದ ಹುಡುಗನೊಬ್ಬ ಎದ್ದು, "ಅವರು ಕೇಳಿದ್ದನ್ನ ನಡಾವಳಿ ಪುಸ್ತಕದಲ್ಲಿ ಬರೀರಿ ಸಾರ್" ಅಂತ ಪಟ್ಟು ಹಿಡಿದ. ಬರೆದರು. ಪೈಪು ಬರೋಕೆ ಇನ್ನೂ ಎರಡು ವರ್ಷ ಆಯಿತು. ಆದರೆ ಆ ಎರಡು ವರ್ಷವೂ ಅರ್ಜಿ ಕೊಡೋಕೆ ಹೋದಾಗೆಲ್ಲ ನಾವು ತೋರಿಸಿದ್ದು ಆ ಪುಸ್ತಕದ ಆ ಸಾಲನ್ನ. ನಡಾವಳಿ ಪುಸ್ತಕದಲ್ಲಿ ಅವ್ವನ ಪ್ರಶ್ನೆ ಇದೆ. ಅವ್ವನ ನಡುಕ ಅದರಲ್ಲಿ ಇಲ್ಲ.

ಆವತ್ತು ನನಗೆ ನಾಚಿಕೆಯಾಯಿತು. ಬಿ.ಎ. ಓದಿದ ನಾನು ಬಾಗಿಲಾಚೆ ನಿಂತು ನನ್ನ ಪದ್ಯವನ್ನ ಬೇರೆಯವರ ಬಾಯಲ್ಲಿ ಕೇಳಿದ್ದೆ. ಅಕ್ಷರ ಬಾರದ ಅವ್ವ ಅಳುತ್ತಲೇ ಕೇಳಬೇಕಾದ್ದನ್ನ ಕೇಳಿದ್ದಳು.

ನಮ್ಮ ಮಾತಿನ ಬೆಲೆ ಎಷ್ಟು ಎಂಬುದು ನಮ್ಮನ್ನ ಸುಮ್ಮನಿರಿಸುವವರಿಗೆ ಚೆನ್ನಾಗಿ ಗೊತ್ತು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಆ ಒಂದು ಮಾತಿಗೆ ನಾಡೆಲ್ಲ ಗಲಾಟೆ ಎದ್ದು ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಆ ಏಟು ತಿಂದ ಹುಡುಗರ ನಡುವಿನಿಂದಲೆ ನಮ್ಮ ಚಳವಳಿ ಹುಟ್ಟಿತು. ಇನ್ನೊಂದು ಕಡೆ ನೋಡಿ. 2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನ ಸುಟ್ಟು ಕೊಂದರು. ಕೋರ್ಟಿನಲ್ಲಿ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳ ಬಿಡುಗಡೆಯಾಯಿತು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆ ಸಾಕ್ಷಿಗಳನ್ನ ನಾನು ಬೈಯಲ್ಲ. ವೇದಿಕೆಯ ಅಂಜಿಕೆಗೂ ಕೊಂದವರ ಊರಿನಲ್ಲೆ ಬದುಕಬೇಕಾದವರ ಭಯಕ್ಕೂ ಬಹಳ ಅಂತರ ಇದೆ. ಆದರೆ ಎರಡೂ ಭಯ ನಮ್ಮ ಬಾಯಿಯನ್ನೇ ಹುಡುಕಿಕೊಂಡು ಬರ್ತವೆ. ಇವತ್ತು ಹಾಸ್ಟೆಲ್ ಸಭೆಯಲ್ಲಿ ಎದ್ದು ನಿಲ್ಲೋದನ್ನ ಕಲಿಯದವರು ನಾಳೆ ತಹಸೀಲ್ದಾರರ ಮುಂದೆ, ಪೊಲೀಸ್ ಠಾಣೆಯಲ್ಲಿ, ಸಾಕ್ಷಿಕಟ್ಟೆಯಲ್ಲಿ ಹೇಗೆ ನಿಂತಾರು?

ಅದಕ್ಕೆ ನಾನು ಬಿದ್ದು ಎದ್ದು ಕಲಿತ ಕೆಲವು ಸಂಗತಿಗಳನ್ನ ಹೇಳಿ ಮುಗಿಸ್ತೀನಿ.

ಬಿಡಿ ಹಾಳೆ ಹಿಡಿಯಬೇಡಿ, ಅದು ಚಾಡಿ ಹೇಳ್ತದೆ. ರಟ್ಟಿನ ನೋಟ್‌ಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ಮೊದಲ ಎರಡು ವಾಕ್ಯ ಬಾಯಿಪಾಠ ಇರಲಿ, ಯಾಕೆಂದರೆ ಭಯ ಶುರುವಿನಲ್ಲೆ ಹೆಚ್ಚು. ಆ ಹೊಳೆ ದಾಟಿದರೆ ಒಂದೆರಡು ನಿಮಿಷದಲ್ಲಿ ಇಳೀತದೆ. ಏಳೋಕೆ ಮುಂಚೆ ಉಸಿರನ್ನ ನಿಧಾನವಾಗಿ, ಉದ್ದಕ್ಕೆ ಹೊರಗೆ ಬಿಡಿ. ಮೈಕಿನಿಂದ ಒಂದು ಗೇಣು ದೂರ ನಿಲ್ಲಿ. ಸಭೆಯಲ್ಲಿ ಒಂದು ಗುರುತಿನ ಮುಖ ಹುಡುಕಿ ಅವರಿಗೆ ಹೇಳೋ ಹಾಗೆ ಶುರುಮಾಡಿ. ಧೈರ್ಯಕ್ಕೆ ಅಂತ ಒಂದು ಗುಟುಕು ಹಾಕಿ ವೇದಿಕೆ ಹತ್ತೋ ಚಾಳಿ ಬೇಡ. ಆ ಧೈರ್ಯ ಎಷ್ಟು ಮನೆ ಮುರಿದಿದೆ ಎಂಬುದು ನಮ್ಮ ಕೇರಿಗೆ ಗೊತ್ತು.

ಮರೆತುಹೋದರೆ ನಿಲ್ಲಿಸಿ. ನೀರು ಕುಡೀರಿ. ಆ ಮೌನ ನಿಮಗೆ ಮಾತ್ರ ಗಂಟೆಯಂತೆ ಕಾಣೋದು. "ಮರೆತೆ, ತಡೀರಿ" ಅಂತ ಹೇಳೋದರಲ್ಲಿ ಅವಮಾನ ಇಲ್ಲ. 1946ರ ಡಿಸೆಂಬರ್ 17ರಂದು ಸಂವಿಧಾನ ಸಭೆಯಲ್ಲಿ ಅಧ್ಯಕ್ಷರು ಇದ್ದಕ್ಕಿದ್ದಂತೆ ಬಾಬಾಸಾಹೇಬರನ್ನ ಕರೆದರು. ಅವರು ಎದ್ದು ಮೊದಲು ಹೇಳಿದ್ದೇ ಇದನ್ನ: ನನ್ನ ಮುಂದೆ ಇಪ್ಪತ್ತು ಇಪ್ಪತ್ತೆರಡು ಜನ ಇದ್ದಾರೆ, ನನ್ನ ಸರದಿ ನಾಳೆ ಅಂದುಕೊಂಡಿದ್ದೆ, ಸಿದ್ಧವಾಗಿ ಬಂದಿಲ್ಲ ಅಂತ. ಹಾಗೆ ಹೇಳಿಯೇ ಮುಂದುವರಿಸಿದರು. ಅಂಥ ವಿದ್ವಾಂಸರೇ ಸಿದ್ಧವಿಲ್ಲ ಅಂತ ಬಾಯಿಬಿಟ್ಟು ಹೇಳಿದ ಮೇಲೆ ನಮಗ್ಯಾಕೆ ಸಂಕೋಚ?

ನಿಮ್ಮ ನುಡಿಗೆ ನಾಚಬೇಡಿ. ಹಕಾರ ಬಂದರೆ ಬರಲಿ, ಕಲಿಯೋಣ, ಪರೀಕ್ಷೆಗೆ ಬೇಕು. ಬಾರದಿದ್ದರೆ ಮಾತು ನಿಲ್ಲಬೇಕಿಲ್ಲ. ನಮ್ಮ ಕಡೆಯ ಆಡುಮಾತಿನಲ್ಲೆ ದೇವನೂರ ಮಹಾದೇವ 'ಕುಸುಮಬಾಲೆ' ಬರೆದರು. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನನ್ನ "ಅಕ್ಕು" ಕೇಳಿ ನಕ್ಕವರು ಅದೇ ಪುಸ್ತಕವನ್ನ ಪಾಠಕ್ಕೆ ಓದಬೇಕಾಯಿತು.

ಮೊದಲ ದಿನವೇ ದೊಡ್ಡ ಹಾಲಿಗೆ ನುಗ್ಗಬೇಡಿ. ನಾನು ಮತ್ತೆ ಶುರುಮಾಡಿದ್ದು ಕೇರಿಯ ಬೇವಿನ ಮರದ ಕೆಳಗೆ, ಐದು ಜನರ ಮುಂದೆ, ಪೇಪರು ಓದಿ ಹೇಳುವ ಮೂಲಕ. ಆಮೇಲೆ ಹಾಸ್ಟೆಲ್ಲಿನ ಊಟದ ಹಾಲು. ಆಮೇಲೆ ಸಂಘದ ಸಭೆ. ಪ್ರತಿ ಸಲವೂ ನಡುಗಿದೆ, ಪ್ರತಿ ಸಲವೂ ಸ್ವಲ್ಪ ಕಡಿಮೆ. ಕೆಲವರಿಗೆ ಈ ಭಯ ಇಷ್ಟಕ್ಕೆ ಬಗ್ಗಲ್ಲ. ಅಂಗಡಿಯಲ್ಲಿ ಮಾತಾಡೋಕೂ ಆಗದೆ, ತಿಂಗಳುಗಟ್ಟಲೆ ಕ್ಲಾಸಿಗೆ ಹೋಗೋಕೂ ಆಗದೆ ಒದ್ದಾಡ್ತಾರೆ. ಅಂಥವರು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನ ಕಾಣಬೇಕು. ಜ್ವರಕ್ಕೆ ಹೋಗೋ ಹಾಗೆ ಹೋಗಬೇಕು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಕೊನೆಯದಾಗಿ ಕೇಳುವವರಿಗೆ ಒಂದು ಮಾತು. ಇದನ್ನ ಮಾತಾಡುವವರೊಬ್ಬರ ಹೊಣೆ ಅಂತ ಬಿಟ್ಟರೆ ಸಂಘ ಅನ್ನೋದು ಯಾಕೆ ಬೇಕು? ನಮ್ಮ ಸಭೆಗಳಲ್ಲೂ ಮಾತು ಬಲ್ಲ ನಾಲ್ಕು ಗಂಡಸರೇ ಗಂಟೆಗಟ್ಟಲೆ ಮೈಕು ಹಿಡೀತಾರೆ. ಹಿರಿಯರು ಬೇಸರ ಮಾಡಿಕೊಳ್ಳಬಾರದು. ಹೆಣ್ಣುಮಕ್ಕಳು ಎದ್ದಾಗ ನಮ್ಮವರೇ ಗುಸುಗುಸು ನಗ್ತಾರೆ. ಜಗಲಿಯ ನಗೆ ಕೇರಿಯೊಳಗೂ ಬಂದು ಕೂತಿದೆ. ಪ್ರತಿ ಸಭೆಯಲ್ಲೂ ಒಬ್ಬ ಹೊಸಬರು ಮೊದಲು ಮಾತಾಡಲಿ. ತಡವರಿಸಿದರೆ ಕಾಯೋಣ. ಅವರು ಹೇಳಿದ್ದನ್ನ ಒಬ್ಬರು ಬರೆದುಕೊಳ್ಳಲಿ. ನಮ್ಮವ್ವನ ಮಾತನ್ನ ಪುಸ್ತಕಕ್ಕೆ ಹಾಕಿಸಿದ ಹುಡುಗ ಭಾಷಣ ಮಾಡಲಿಲ್ಲ. ಆದರೆ ಅವನು ಇಲ್ಲದಿದ್ದರೆ ಆ ಮಾತು ಗಾಳಿಗೆ ಹೋಗುತ್ತಿತ್ತು.

ನಿನ್ನೆ ರಾತ್ರಿ ಮಾತಾಡಿದ ತಂಗಿ ಮೂರನೆ ಸಾಲಿನಲ್ಲಿ ಕೂತಿದ್ದಾಳೆ. ಹೆಸರು ಹೇಳಲ್ಲ, ಬಲವಂತವೂ ಮಾಡಲ್ಲ. ಚರ್ಚೆಯ ಪಟ್ಟಿ ಬಾಗಿಲ ಹತ್ತಿರದ ಮೇಜಿನ ಮೇಲಿದೆ, ಪೆನ್ನೂ ಇದೆ. ನನ್ನ ಕೈ ಇನ್ನೂ ನಡುಗ್ತಾ ಇದೆ. ಆದರೂ ಹೇಳಬೇಕಾದ್ದನ್ನ ಹೇಳಿದೀನಿ. ಇನ್ನು ನಿಮ್ಮ ಸರದಿ.

ಜೈ ಭೀಮ್.